ಚೆಂಡು ಬಾರದ ಕಡೆ

ಸೋಮವಾರ ಬೆಳಗಿನ ಐದು, ಮಾಗಡಿ ರೋಡು.
ಅಲ್ಲಿನ್ನೂ ಭಾನುವಾರ, ಆಟ ಬಾಕಿ ಇದೆ.
ನಮ್ಮ ಪಾಳಿ ಮುಗಿದಿದೆ.
ಮೂರು ಜನ, ನಾಲ್ಕು ಟೀ:
ಡೆಸ್ಮಂಡನಿಗೆ ಒಂದು ಸಾಲುವುದಿಲ್ಲ.

ನಮ್ಮ ಕೆಲಸ ಇಷ್ಟೇ. ಆಟವನ್ನು ತಡೆತಡೆದು ನೋಡಿ
ಯಾರು ಎಸೆದ, ಯಾರ ಕಡೆ ಎಸೆದ, ಯಾರು ಕಸಿದ
ಎಂದು ಖಾನೆ ತುಂಬುವುದು.
ಹೆಲ್ಮೆಟ್ಟಿನೊಳಗಿನ ಮುಖ ಗೊತ್ತಿಲ್ಲ.
ಬೆನ್ನಿನ ನಂಬರು ಗೊತ್ತು, ಮೊಣಕಾಲು ಗೊತ್ತು,
ಮೊದಲ ಹೆಜ್ಜೆಯನ್ನೇ ಹಿಂದಕ್ಕಿಡುವ ಗತ್ತು ಗೊತ್ತು.

ಕಾರ್ನರ್‌ಬ್ಯಾಕ್ ಅಂದರೆ, ಚಿಕ್ಕಮ್ಮನಿಗೆ ಹೇಳಿದ್ದೆ,
ಎದುರಾಳಿ ಮುಂದಕ್ಕೆ ಓಡುವಾಗ
ಅವನ ಸೊಂಟ ನೋಡುತ್ತ ಹಿಂದಕ್ಕೆ ಓಡುವವನು.
"ಸಾಲ ಕೊಟ್ಟೋರ ಮುಂದೆ ನಿಮ್ಮ ಚಿಕ್ಕಪ್ಪನ ಹಾಗೆ," ಅಂದಳು.

"ಇಪ್ಪತ್ತೊಂದೇ ಕಣ್ರೋ," ಡೆಸ್ಮಂಡ್ ಗ್ಲಾಸು ಎತ್ತಿದ.
"ಚೆಂಡು ಕಸಿದು, ಕುಣೀತಾ ಗೆರೆ ದಾಟೋನು.
ಯಾರದೋ ಮೆರವಣಿಗೆಗೆ ನುಗ್ಗಿ ತಾನೇ ಮದುಮಗ ಆದಂಗೆ."
"ಕುಣಿಯೋದಕ್ಕೂ ಮಾರ್ಕ್ಸಾ?" ಜಬೀನ್ ಶಾಲು ಬಿಗಿದುಕೊಂಡಳು.
"ಹಳೇ ರೀಲು ನೋಡು. ಕಪ್ಪು ಬಿಳುಪು.
ರಾತ್ರಿ ರೈಲು ಅಂತ ಅಡ್ಡಹೆಸರು.
ಹನ್ನೆರಡು ಆಟ, ಹದಿನಾಲ್ಕು ಕಸಿದ, ಬಂದ ವರ್ಷವೇ.
ಎಪ್ಪತ್ತು ವರ್ಷ ಆಯ್ತು. ಯಾರಾದ್ರೂ ಮುಟ್ಟಿದಾರಾ?"
"ಆಗ ಕತ್ತು ಹಿಡಿದು ಕೆಡವಬಹುದಿತ್ತು!
ಈಗ ಉಸಿರು ತಾಗಿದ್ರೂ ಹಳದಿ ಬಟ್ಟೆ ಎಸೀತಾರೆ."

ನನ್ನವನಿಗೆ ಅಡ್ಡಹೆಸರಿಲ್ಲ.
ನಂಬರು ಹೇಳಲಾರೆ, ಹೇಳಿದರೆ ಇವರು ಫೋನು ತೆಗೆಯುತ್ತಾರೆ.
ಒಂದು ಇಡೀ ರಾತ್ರಿ ಅವನನ್ನೇ ನೋಡಿದ್ದೆ.
ಅರವತ್ತು ಸಲ ಓಡಿದ, ಅರವತ್ತು ಸಲ
ಎಸೆಯುವವನು ಅತ್ತ ಕಣ್ಣು ಹಾಯಿಸಿ
ಬೇರೆ ಕಡೆ ಎಸೆದ.
ನನ್ನ ಖಾನೆಯಲ್ಲಿ ಸೊನ್ನೆ.

"ಕಾರ್ನರಾ?" ಸ್ಟವ್ವಿನ ಹಿಂದಿನಿಂದ ಪಿಳ್ಳಪ್ಪಣ್ಣ.
"ನಾನೂ ಕಾರ್ನರೇ. ಕಬಡ್ಡಿ, ಎಡಗಡೆ, ಮಿಲ್ಲಿನ ತಂಡ.
ಮೊದಲೆರಡು ವರ್ಷ ಹಿಡಿದ ಕಣಕಾಲಿಗೆ ಲೆಕ್ಕ ಇಲ್ಲ.
ಆಮೇಲೆ ಯಾವ ರೈಡರೂ ನನ್ನ ಕಡೆ ಬರಲಿಲ್ಲ.
ಬಲಕ್ಕೇ ಹೋಗಿ ಉಸಿರು ಮುಗಿಸ್ಕೊಂಡು ಬರೋರು.
ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ
ಸೊನ್ನೆ, ಸೊನ್ನೆ, ಸೊನ್ನೆ.
ಹೊಸ ಮ್ಯಾನೇಜರು ಪುಸ್ತಕ ನೋಡಿದ.
ಆಟ ನೋಡಲಿಲ್ಲ."

ಗ್ಲಾಸುಗಳನ್ನು ಬಕೆಟ್ಟಿಗೆ ಅದ್ದಿದ.
ಶುಂಠಿ ಜಜ್ಜುವ ಕಲ್ಲು ಸುಮ್ಮನಿತ್ತು.

"ಬಲಗಡೆ ಯಾರಿದ್ರು?" ಡೆಸ್ಮಂಡ್.
"ಗೋವಿಂದಸ್ವಾಮಿ. ಪಾಪ, ಎಲ್ಲಾ ಅವನ ಮೇಲೇ ಬೀಳೋರು.
ಎರಡು ಕಪ್ಪು ತಗೊಂಡ.
ನಿನ್ನಿಂದ ಸಿಕ್ತು ಅಂತ ಸಾಯೋವರೆಗೂ ಹೇಳ್ತಿದ್ದ.
ಕುಡಿದಾಗ ಮಾತ್ರ."

ಜಬೀನ್ ಬಿಡುವವಳಲ್ಲ.
"ಹೆದರಿ ಬಾರದಿದ್ರೆ ಒಂದು ಸೊನ್ನೆ,
ಲೆಕ್ಕಕ್ಕೇ ಇಲ್ಲ ಅಂತ ಬಾರದಿದ್ರೆ ಇನ್ನೊಂದು.
ಬರೆದ ಮೇಲೆ ಎರಡೂ ಒಂದೇ ದುಂಡಗೆ.
ಹ್ಯಾಗೆ ಗುರುತಿಸ್ತೀಯ?"

ನನಗೆ ಗೊತ್ತಿರಲಿಲ್ಲ.
ನನ್ನವನೂ ಎರಡನೇ ಸೊನ್ನೆಯೇ ಇರಬಹುದೇ
ಎಂದು ಆ ಚಳಿಯಲ್ಲಿ ಮೊದಲ ಸಲ ಅನ್ನಿಸಿತು.
ಟೀ ಕುಡಿದೆ.

ಅಷ್ಟರಲ್ಲಿ ಪೇಪರಿನ ಕಟ್ಟು ಹೇರಿದ ಸ್ಕೂಟರೊಂದು
ಸಿಗ್ನಲ್ ತಪ್ಪಿಸಲು ಫುಟ್‌ಪಾತ್ ಹತ್ತಿ
ನೇರ ನಮ್ಮತ್ತ ಬಂತು.
ಪಿಳ್ಳಪ್ಪಣ್ಣ ಕೂಗಲಿಲ್ಲ, ಬೈಯಲಿಲ್ಲ.
ಮೊಣಕಾಲು ತುಸು ಬಾಗಿಸಿದ.
ಒದ್ದೆ ಕೈಗಳು ತೊಡೆಯ ಮುಂದೆ ತೆರೆದವು.
ಎಡಗಾಲು ಹಿಂದೆ ಸರಿದು
ಇಲ್ಲದ ಸುಣ್ಣದ ಗೆರೆ ಹುಡುಕಿತು.

ಸ್ಕೂಟರು ಅನುಮಾನಿಸಿತು. ರೋಡಿಗೆ ಇಳಿಯಿತು.

"ಇದನ್ನ ಯಾವ ಖಾನೆಗೆ ಹಾಕ್ತೀಯ?" ಅಂದ ಡೆಸ್ಮಂಡ್,
ಆದರೂ ಇಪ್ಪತ್ತೊಂದೇ ಅಂದ.
ರಾತ್ರಿ ರೈಲೇ, ಅಂದಳು ಜಬೀನ್.

"ನಾಲ್ಕು ಟೀ," ಪಿಳ್ಳಪ್ಪಣ್ಣ ಕೈ ಒರೆಸಿಕೊಂಡ.
"ಮೂರರದ್ದು ಕೊಟ್ಟಿದೀರ."